ಮೆಣಸಿನ ಹಿಂದೆ ನನ್ನ ಡಬ್ಬಿ

ಚರ್ಚಾ ಸ್ಪರ್ಧೆಯಲ್ಲಿ ನಾನು ಸೋತವನಲ್ಲ. ಇದು ಜಂಬವಲ್ಲ, ದಾಖಲೆ. ತೀರ್ಥಹಳ್ಳಿಯಲ್ಲಿ ಓದುವಾಗ ‘ಹಳ್ಳಿಯ ಬದುಕೇ ಮೇಲು’ ಎಂಬ ವಿಷಯದ ಪರವಾಗಿ ಮಾತಾಡಿ ಪಾರಿತೋಷಕ ಗೆದ್ದೆ. ಮರುವರ್ಷ ಅದೇ ವಿಷಯದ ವಿರುದ್ಧ ಮಾತಾಡಿ ಅದನ್ನೇ ಉಳಿಸಿಕೊಂಡೆ. ಜಾತಕ, ಶಕುನ, ಮನೆಮದ್ದು, ಹಿರಿಯರ ಅನುಭವ, ಇವು ಯಾವುದನ್ನೂ ಪುರಾವೆಯಿಲ್ಲದೆ ಒಪ್ಪುವ ಅಭ್ಯಾಸ ನನಗಿಲ್ಲ. ಇಂಥವನಿಗೆ ಎಷ್ಟು ಜನ ಗೆಳೆಯರಿರಬಹುದು ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ. ಆ ಪ್ರಶ್ನೆಗೆ ಸರ್ಕಾರಿ ದಾಖಲೆಯಲ್ಲೇ ಉತ್ತರವಿದೆ. ಅಲ್ಲಿಗೇ ಬರುತ್ತಿದ್ದೇನೆ.

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲದ ಒಂದು ತಿರುವಿದೆ. ಅಲ್ಲಿ ಗದ್ದೆ ಬಯಲಿನ ಅಂಚಿಗೆ ನನ್ನ ದೊಡ್ಡಮ್ಮನ ಸಣ್ಣ ಮನೆ. ದೊಡ್ಡಮ್ಮ ಸಾಗರದಲ್ಲಿ ಮಗಳ ಜೊತೆ ಇರುತ್ತಾಳೆ. “ಗದ್ದೆ ಕಡೆ ಒಂದು ಕಣ್ಣಿಡು” ಎಂದು ಕೀಲಿ ಕೊಟ್ಟಿದ್ದಳು. ವಾರಕ್ಕೆರಡು ದಿನ ಹೊಸನಗರದ ಟ್ಯುಟೋರಿಯಲ್ಲಿನಲ್ಲಿ ಪಾಠ ಮಾಡುವುದು, ಉಳಿದ ದಿನ ಈ ಮನೆಯಲ್ಲಿ ನಾಡಿನ ಮುಂದಿನ ವಾಗ್ಮಿಗಳನ್ನು ತಯಾರು ಮಾಡುವುದು, ಇದು ನನ್ನ ಯೋಜನೆ. ಅದಕ್ಕಾಗಿ ರಸ್ತೆಗೆ ಮುಖ ಮಾಡಿ ದೊಡ್ಡದೊಂದು ಬೋರ್ಡು ನೆಟ್ಟೆ. ‘ವಾಗ್ವಿಲಾಸ: ಭಾಷಣ ಹಾಗೂ ಚರ್ಚಾ ತರಬೇತಿ ಕೇಂದ್ರ.’ ಹಳದಿ ಮೇಲೆ ಕೆಂಪಕ್ಷರ. ಆಚೆ ಗುಡ್ಡದಿಂದಲೂ ಓದಬಹುದಿತ್ತು.

ಓದಿದರು ಕೂಡ. ಬರಲಿಲ್ಲ. ಒಬ್ಬ ಬಂದಿದ್ದ. ಹೊಳೆಬಾಗಿಲಿಗೆ ಈ ದಾರಿಯಲ್ಲಿ ಹೋಗಬಹುದಾ ಎಂದು ಕೇಳಿದ. ಹೋಗಬಹುದು ಎಂಬುದರ ಪರ ಮತ್ತು ವಿರುದ್ಧ ನಾನು ವಿವರಿಸುತ್ತಿರುವಾಗಲೇ ಕಾರು ತಿರುಗಿಸಿಕೊಂಡು ಹೋದ.

ನನ್ನ ಮನೆಯ ಎದುರಿಗೆ, ಗದ್ದೆಯ ಆ ಬದಿಗೆ, ಶಾರದಕ್ಕನ ಮಿಲ್ಲು. ಮೊದಲು ಅದು ದನದ ಕೊಟ್ಟಿಗೆಯಾಗಿತ್ತಂತೆ. ಗದ್ದೆಯೊಂದನ್ನೇ ನಂಬಿದರೆ ಕೈಗೆ ಹತ್ತುವುದಿಲ್ಲವೆಂದು ಶಾರದಕ್ಕ ದನ ಕಡಿಮೆ ಮಾಡಿ, ಅಲ್ಲೊಂದು ಹಿಟ್ಟಿನ ಮಿಷನ್ ಕೂರಿಸಿದ್ದಳು. ಅದಕ್ಕೆ ಬೋರ್ಡಿಲ್ಲ, ಹೆಸರಿಲ್ಲ. ಆದರೂ ಬೆಳಗಿನಿಂದ ಸಂಜೆಯ ತನಕ ಜನ! ರಾಗಿ, ಗೋಧಿ, ಕಡುಬಿನ ಅಕ್ಕಿ, ಸಾರಿನಪುಡಿ. ಬಂದವರು ಡಬ್ಬಿಯನ್ನು ಸಾಲಿನಲ್ಲಿಟ್ಟು ಪಕ್ಕದ ಬೆಂಚಿನ ಮೇಲೆ ಕೂರುತ್ತಾರೆ. ಸಾಲಿನಲ್ಲಿ ನಿಲ್ಲುವುದು ಡಬ್ಬಿ. ಮನುಷ್ಯನಿಗೆ ಮಾತಾಡುವುದಷ್ಟೇ ಕೆಲಸ. ಸಾಲು ಮುಗಿದರೂ ಕೆಲವರು ಏಳುವುದಿಲ್ಲ. ಗಣಪಣ್ಣ ಎಂಬ ಹಿರಿಯರಂತೂ ಬೆಂಚಿನ ಜೊತೆಗೇ ಬಂದವರೋ ಏನೋ ಎಂಬಂತಿದ್ದರು.

ನನಗೆ ಮಿಷನ್ನಿನ ಸದ್ದಿನ ಬಗ್ಗೆ ಆಕ್ಷೇಪವಿತ್ತು. ಸತ್ಯ ಹೇಳುವುದಾದರೆ, ಸದ್ದಿಗಿಂತ ಹೆಚ್ಚಿನ ಆಕ್ಷೇಪ ಇದ್ದದ್ದು ಮಿಷನ್ ನಿಂತ ಮೇಲೆ ಗದ್ದೆ ದಾಟಿ ಬರುತ್ತಿದ್ದ ನಗುವಿನ ಬಗ್ಗೆ.

ಒಂದು ಗುರುವಾರ ಸಂಜೆ ನಾನೂ ಗೋಧಿ ಡಬ್ಬಿ ಹಿಡಿದು ಹೋದೆ. ವಿಚಿತ್ರ ದೃಶ್ಯ! ಡಬ್ಬಿಗಳು ಸಾಲಾಗಿವೆ, ಬೆಂಚು ತುಂಬಿದೆ, ಮಿಷನ್ ಓಡುತ್ತಿದೆ. ಆದರೆ ಯಾರೂ ಮುಂದೆ ಬರುತ್ತಿಲ್ಲ. ಶಾರದಕ್ಕ ಏನೋ ತರಲು ಮನೆಯೊಳಗೆ ಹೋಗಿದ್ದಳು.

“ಯಾರದ್ದೂ ಇಲ್ವಾ?” ಎಂದೆ.

ಗಣಪಣ್ಣ ಎದ್ದು ಜಾಗ ಬಿಟ್ಟರು. “ನೀವು ಹಾಕಿ ಮಾಷ್ಟ್ರೇ. ನಿಮ್ದೇ ಫಸ್ಟ್.”

“ಛೆ ಛೆ, ಸಾಲಿದೆಯಲ್ಲ.”

“ಸಾಲು ಇರ್ಲಿ ಮಾರಾಯ್ರೆ, ಓದಿದೋರು ನೀವು. ಹಾಕಿ ಹಾಕಿ.”

ಊರು ಕಡೆಗೂ ನನ್ನನ್ನು ಗುರುತಿಸಿತು! ಬೆಂಚಿನ ಮೇಲಿದ್ದವರೆಲ್ಲ ತಲೆಯಾಡಿಸಿ ಸಮ್ಮತಿ ಸೂಚಿಸಿದರು. ಅಷ್ಟೂ ಗೋಧಿಯನ್ನು ಮಿಷನ್ನಿನ ಬಾಯಿಗೆ ಸುರಿದೆ. ಮೊರದಲ್ಲಿ ನುಚ್ಚಕ್ಕಿ ಹಿಡಿದು ಓಡಿ ಬಂದ ಶಾರದಕ್ಕ “ಅಯ್ಯಯ್ಯೋ!” ಎಂದಳು. ಓದಿದವನೊಬ್ಬ ತಾನೇ ಕೈಹಾಕಿ ದುಡಿಯುವುದನ್ನು ನೋಡಿ ಅವಳಿಗೆ ಸಂಕೋಚವಾಯಿತು ಎಂದುಕೊಂಡೆ.

ಆ ರಾತ್ರಿಯ ಚಪಾತಿಯ ಬಗ್ಗೆ ಹೆಚ್ಚು ಹೇಳಲಾರೆ. ಮೊದಲ ತುತ್ತಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಮೂಗಲ್ಲಿ. ಮೂರನೆಯದಕ್ಕೆ ಕೊಡಪಾನದ ಹತ್ತಿರವೇ ಕೂತೆ.

ಗುರುವಾರ ಮೆಣಸಿನ ದಿನ. ಊರಿನ ಒಣಮೆಣಸೆಲ್ಲ ಅಂದೇ ಪುಡಿಯಾಗುವುದು. ಅದು ಮುಗಿದ ಮೇಲೆ ಶಾರದಕ್ಕ ಒಂದು ಸೇರು ನುಚ್ಚು ಹಾಕಿ ಮಿಷನ್ ತೊಳೆಯುತ್ತಾಳೆ. ಆಮೇಲೂ ಜನ ‘ನಿಮ್ಮದಾಗಲಿ, ನಿಮ್ಮದಾಗಲಿ’ ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಾರೆ. ಇದು ಈ ಸೀಮೆಯ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ನನ್ನ ಪಾರಿತೋಷಕಕ್ಕೆ ಗೊತ್ತಿರಲಿಲ್ಲ.

ಮರುದಿನ ಮಿಲ್ಲಿನ ಮುಂದೆ ಹಾದು ಹೋಗುವಾಗ ಶಾರದಕ್ಕ ಕೂಗಿದಳು. “ಮಾಷ್ಟ್ರೇ, ಬೇರೆ ಗೋಧಿ ತನ್ನಿ. ಸುಮ್ನೆ ಬೀಸಿ ಕೊಡ್ತೀನಿ. ಮೆಣಸಿನ ಹಿಂದೆ ಯಾರಾದ್ರೂ ಡಬ್ಬಿ ಇಡ್ತಾರಾ?”

ಬೆಂಚು ನಕ್ಕಿತು. ಗಣಪಣ್ಣನಂತೂ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಜೊತೆಗೆ ನಾನೂ ನಕ್ಕುಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಬೆಂಚಿನ ಮೇಲೆ ನನಗೂ ಒಂದು ಗೇಣು ಜಾಗ ಸಿಗುತ್ತಿತ್ತು. ಆದರೆ ನಗುವುದಕ್ಕೆ ನನಗೆ ತರಬೇತಿ ಇರಲಿಲ್ಲ. ನಾನು ಸಿದ್ಧಾಂತದ ಮೊರೆಹೋದೆ.

ಆ ಸಂಜೆ ಕೂತು ತಹಶೀಲ್ದಾರರಿಗೆ ಅರ್ಜಿ ಬರೆದೆ. ಖಾರದ ಚಪಾತಿಯ ಪ್ರಸ್ತಾಪವೇ ಇಲ್ಲ! ವಿಷಯ: ‘ಕೃಷಿ ವಲಯದಲ್ಲಿ ಭೂ ಪರಿವರ್ತನೆಯಿಲ್ಲದೆ ವಾಣಿಜ್ಯ ಚಟುವಟಿಕೆ.’ ಮೂರು ಅಂಶ. ನನ್ನ ವಾದದಲ್ಲಿ ಯಾವಾಗಲೂ ಮೂರೇ ಅಂಶ. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ ನೋಡಿದೆ. ‘ಹಸಿರು ವಲಯದಲ್ಲಿ ವ್ಯಾಪಾರದ ಒಂದು ಫಲಕ ಕೂಡ ತಲೆಯೆತ್ತಕೂಡದು. ಎತ್ತಿದ್ದರೆ, ಅದು ಯಾರದೇ ಆಗಿರಲಿ, ತಕ್ಷಣ ಇಳಿಯತಕ್ಕದ್ದು!’ ಗೋಡೆಯ ಹಲ್ಲಿ ಲೊಚಗುಟ್ಟಿತು. ಶಕುನದಲ್ಲಿ ನನಗೆ ನಂಬಿಕೆಯಿಲ್ಲವೆಂದು ಆಗಲೇ ಹೇಳಿದ್ದೇನೆ.

ದೊಡ್ಡಮ್ಮನಿಗೆ ಸುದ್ದಿ ಹೇಗೆ ಮುಟ್ಟಿತೋ, ಫೋನು ಬಂತು.

“ತಮಾ, ನಿಂಗೆ ಬೇರೆ ಕೆಲಸ ಇಲ್ಯಾ? ಆ ಶಾರದನ ಮಿಲ್ಲು ನಿಂಗೆ ಎಂತ ಮಾಡ್ತು?”

“ಪ್ರಶ್ನೆ ವ್ಯಕ್ತಿಯದಲ್ಲ ದೊಡ್ಡಮ್ಮಾ, ತತ್ವದ್ದು.”

“ತತ್ವ ನಿನ್ನ ತಲೆ! ಆ ಮನೆ ಕಟ್ಟಿದ್ದು ಗದ್ದೆ ನೋಡ್ಕಂಬಲೆ ಹೇಳಿ. ಆಫೀಸಿನವ್ರ ಕಣ್ಣು ಎನ್ನ ಮನೆ ಮೇಲೆ ಬಿದ್ರೆ ಬೀಗ ಹಾಕಿ ಕೀಲಿ ಇಸ್ಕತ್ತಿ, ನೋಡು.”

ಮನೆ ಬಿಡಿಸುವ ಬೆದರಿಕೆ ಬೇರೆ! ಕಾನೂನು ಗೊತ್ತಿಲ್ಲದವರು ಹೀಗೆಯೇ ಗಾಬರಿಯಾಗುತ್ತಾರೆ ಎಂದು ಫೋನಿಟ್ಟೆ.

ಅರ್ಜಿಗೆ ಅಕ್ಕಪಕ್ಕದವರ ಸಹಿ ಇದ್ದರೆ ತೂಕ ಹೆಚ್ಚು. ಮನೆಮನೆಗೆ ಹೊರಟೆ. ಮೊದಲ ಮನೆಗೆ ಚಿಲಕ. ಎರಡನೆಯದಕ್ಕೂ ಚಿಲಕ. ಮೂರನೆಯ ಮನೆಯ ಅಜ್ಜಿ “ಎಲ್ಲ ಮಿಲ್ಲಿನ ಹತ್ರ ಹೋಗ್ಯಾರೆ” ಎಂದಳು. ಹೀಗಾಗಿ ಮಿಲ್ಲಿನ ವಿರುದ್ಧ ಸಹಿ ಕೇಳಲು ನಾನು ಮಿಲ್ಲಿಗೇ ಹೋಗಬೇಕಾಯಿತು!

ಗಣಪಣ್ಣ ಅರ್ಜಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಬೆಂಚಿಗೆಲ್ಲ ಕೇಳುವಂತೆ ಓದಿದರು. ಓದಿ ಮುಗಿಸಿ ಗಂಭೀರವಾಗಿ ತಲೆದೂಗಿದರು.

“ಬಾಳ ಚೆನ್ನಾಗಿ ಬರ್ದೀರಿ. ಆ ಕೊನೆ ಸಾಲು ಅಂತೂ ಮೈ ಜುಂ ಅಂತು.”

“ಹಾಗಾದರೆ ಸಹಿ?”

“ಸಹಿ ಎಂತಕ್ಕೆ? ಚೆನ್ನಾಗಿದೆ ಅಂದ್ನಲ್ಲ.”

ಶಾರದಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಬಂದಳು. ಹುಬ್ಬು, ರೆಪ್ಪೆ, ಮುಂಗೂದಲು ಎಲ್ಲ ಬೆಳ್ಳಗೆ. ನಗಲಿಲ್ಲ, ಬೈಯಲೂ ಇಲ್ಲ. “ಎಲ್ಲ ಬರ್ದೀರಿ ಮಾಷ್ಟ್ರೇ. ಮಿಲ್ಲು ನಿಂತ್ರೆ ಶಾರದ ಎಂತ ಮಾಡ್ಬೇಕು, ಅದೊಂದು ಬರ್ದಿಲ್ಲ. ಜಾಗ ಇದ್ರೆ ಅದನ್ನೂ ಬರೀರಿ” ಎಂದಳು.

ಜಾಗವಿತ್ತು. ನಾಲ್ಕನೆಯ ಅಂಶ ನನ್ನ ಪದ್ಧತಿಯಲ್ಲಿ ಇರಲಿಲ್ಲ. ಅರ್ಜಿ ನನ್ನೊಬ್ಬನ ಸಹಿಯೊಂದಿಗೇ ಹೋಯಿತು.

ಕೆಲವು ದಿನಗಳ ಮೇಲೆ ತಾಲ್ಲೂಕು ಕಚೇರಿಯಿಂದ ಕರೆ ಬಂತು. ಕಂದಾಯ ನಿರೀಕ್ಷಕರು ಸ್ಥಳ ಮಹಜರಿಗೆ ಬರುತ್ತಾರಂತೆ, ಯಾವ ದಿನ ಇರುತ್ತೀರಿ ಎಂದು ಕೇಳಿದರು. ಇಲ್ಲಿ ನನ್ನ ಬುದ್ಧಿ ಮಿಂಚಿತು. ಉಪದ್ರವದ ಪುರಾವೆ ಅತಿ ಗಾಢವಾಗಿ ಸಿಗುವ ದಿನ ಯಾವುದು?

“ಗುರುವಾರವೇ ಬರಬೇಕು ಸಾರ್” ಎಂದು ಒತ್ತಿ ಹೇಳಿದೆ.

ಬಂದರು. ನಡುವಯಸ್ಸಿನ ಸಜ್ಜನ, ಕಂಕುಳಲ್ಲಿ ಕಡತ. ಮಿಲ್ಲಿನೊಳಗೆ ಮೆಣಸು ಜೋರಾಗಿ ಪುಡಿಯಾಗುತ್ತಿತ್ತು. ಬೆಂಚಿನವರು ಮೊದಲೇ ಮೂಗಿಗೆ ಟವೆಲ್ಲು ಸುತ್ತಿಕೊಂಡಿದ್ದರು. ನಾನು ಮಾತ್ರ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬರಿಮೂಗಿನಲ್ಲಿ, ಎದೆಯುಬ್ಬಿಸಿ ನಿಂತೆ.

“ಮಾನ್ಯ ಅಧ್ಯಕ್ಷರೇ...” ಎಂದು ಶುರುವಾಗಿಬಿಟ್ಟಿತು. ಅಭ್ಯಾಸಬಲ. “ಮಾನ್ಯ ನಿರೀಕ್ಷಕರೇ, ನನ್ನ ಮೊದಲನೆಯ ಅಂಶ... ಆ... ಆಕ್ಷೀ!”

“ಎರಡನೇದು ಹೇಳಿ... ಆಕ್ಷೀ!” ಎಂದರು ನಿರೀಕ್ಷಕರು.

“ಈ ಮಿಲ್ಲಿನಿಂದ... ಆಕ್ಷೀ!”

“ಆಕ್ಷೀ!”

ನಾಡಿನ ಚರ್ಚಾ ಇತಿಹಾಸದಲ್ಲಿ ವಾದಿಯೂ ತೀರ್ಪುಗಾರನೂ ಇಷ್ಟು ಸಮಾನ ಭಾವದಿಂದ ಮಾತಾಡಿದ್ದು ಅದೇ ಮೊದಲಿರಬೇಕು. ಶಾರದಕ್ಕನೇ ಮಿಷನ್ ನಿಲ್ಲಿಸಿ, ಇಬ್ಬರಿಗೂ ನೀರು ಕೊಟ್ಟಳು. ನಿರೀಕ್ಷಕರು ಮುಖ ತೊಳೆದುಕೊಂಡು ಒಳಗೆ ಹೊರಗೆ ನೋಡಿ, ಅವಳ ಬಳಿಯಿದ್ದ ಕಾಗದಪತ್ರಗಳನ್ನು ತಿರುವಿ ಹಾಕಿದರು.

“ನೋಡಿ, ಇದು ಬೆಳೆದದ್ದನ್ನ ಬೀಸೋ ಕೆಲಸ. ಕೃಷಿಗೆ ಹೊಂದಿಕೊಂಡ ಚಟುವಟಿಕೆ. ಪಂಚಾಯ್ತಿ ಲೈಸೆನ್ಸ್ ಇದೆ, ಸ್ವಂತ ಜಾಗ. ಇದ್ರಲ್ಲಿ ನಂಗೇನೂ ತಪ್ಪು ಕಾಣಲ್ಲ.”

“ಆದರೆ ಸಾರ್, ಹಸಿರು ವಲಯ...”

“ಹೌದು ಹೌದು, ನಿಮ್ಮ ಅರ್ಜಿ ಓದಿದೀನಿ. ಫಲಕ ತಲೆಯೆತ್ತಬಾರದು ಅಂತ ಬರ್ದಿದ್ರಲ್ಲ.” ಅವರು ಕಣ್ಣೊರೆಸಿಕೊಂಡು ಸುತ್ತ ನೋಡಿದರು. “ಇಲ್ಲಿ ಫಲಕ ಯಾವ್ದೂ ಕಾಣ್ಲಿಲ್ಲ.”

ಹಾಗೆ ನೋಡುತ್ತ ನೋಡುತ್ತ ಅವರ ದೃಷ್ಟಿ ಗದ್ದೆಯ ಈಚೆ ಬದಿಗೆ ಬಂತು. ಹಳದಿ ಮೇಲೆ ಕೆಂಪಕ್ಷರ. ಆಚೆ ಗುಡ್ಡದಿಂದಲೂ ಓದಬಹುದಿತ್ತೆಂದು ಹೇಳಿದೆನಲ್ಲ, ಮಿಲ್ಲಿನಿಂದ ಇನ್ನೂ ಚೆನ್ನಾಗಿ ಓದಬಹುದಿತ್ತು.

“ವಾಗ್ವಿಲಾಸ... ತರಬೇತಿ ಕೇಂದ್ರ... ಅದು ಯಾರ್ದು?”

ಗಣಪಣ್ಣ ಕೆಮ್ಮಿದರು.

“ನನ್ನದು” ಎಂದೆ.

“ಆ ಜಾಗ?”

“ಕೃಷಿ ಜಮೀನು.”

“ಪರಿವರ್ತನೆ?”

ಆಗಿರಲಿಲ್ಲ. ನಿರೀಕ್ಷಕರಿಗೆ ಸಿಟ್ಟೇನೂ ಬರಲಿಲ್ಲ, ಅದೇ ಕಷ್ಟ. ಅವರು ಬೇಸರದಿಂದ ಕಡತ ತೆರೆದರು. “ತರಬೇತಿ ಕೇಂದ್ರ ಅಂದ್ರೆ ಫೀಸು, ಜನ ಬರೋದು ಹೋಗೋದು. ಶುದ್ಧ ವಾಣಿಜ್ಯ. ನಿಮ್ಮ ಅರ್ಜಿ ಮೇಲೇ ಬಂದಿದೀನಿ, ಕಣ್ಣಿಗೆ ಬಿದ್ದದ್ದು ಬರೀದೇ ಇರಕ್ಕಾಗಲ್ಲ. ಮನೆ ಯಜಮಾನರಿಗೆ ನೋಟಿಸ್ ಹೋಗ್ತದೆ.”

ದೊಡ್ಡಮ್ಮನ ಬೀಗ ನನ್ನ ಕಿವಿಯಲ್ಲೇ ‘ಕಟ್’ ಎಂದಿತು. ಇದ್ದ ಒಂದು ಸೂರೂ ಹೋಗುತ್ತದೆ! ಆ ಕ್ಷಣದಲ್ಲೇ, ಪಳಗಿದ ಚರ್ಚಾಪಟುವಿನಂತೆ, ಎದುರು ಪಕ್ಷಕ್ಕೆ ಜಿಗಿದೆ.

“ಸಾರ್, ಅದು ಕೇಂದ್ರವೇ ಅಲ್ಲ! ಬೋರ್ಡು ಮಾತ್ರ. ಒಂದು, ಅಲ್ಲಿಗೆ ಯಾರೂ ಬರುವುದಿಲ್ಲ. ಎರಡು, ಈವರೆಗೆ ಯಾರೂ ಬಂದಿಲ್ಲ. ಮೂರು...” ಮೂರನೆಯದು ಹೊಳೆಯಲಿಲ್ಲ. “ಮೂರು, ಇನ್ನು ಮುಂದೆಯೂ ಬರುವ ಲಕ್ಷಣವಿಲ್ಲ.”

“ಅದನ್ನ ನೀವು ಹೇಳಿದ್ರೆ ಆಗಲ್ಲಪ್ಪ. ಸುತ್ತಮುತ್ತಲಿನವ್ರು ಹೇಳ್ಬೇಕು. ಪಂಚರು ಬೇಕು.”

ನಾನು ಬೆಂಚಿನ ಕಡೆ ನೋಡಿದೆ. ಯಾರ ಮಿಲ್ಲು ಮುಚ್ಚಿಸಲು ಹೊರಟಿದ್ದೆನೋ ಅವರ ಮುಂದೆ, ಯಾರ ಸಹಿ ಸಿಗಲಿಲ್ಲವೋ ಅವರ ಸಹಿಗಾಗಿ, ಕೈಕಟ್ಟಿ ನಿಂತಿದ್ದೆ. ಇವರು ಸುಮ್ಮನಿದ್ದರೆ ಸಾಕಿತ್ತು, ನನ್ನ ಕಥೆ ಮುಗಿಯುತ್ತಿತ್ತು.

ಶಾರದಕ್ಕ ಮುಂದೆ ಬಂದಳು.

“ಯಾರೂ ಬರಲ್ಲ ಸಾರ್” ಎಂದಳು. “ನಾನು ಬೆಳಿಗ್ಗಿಂದ ಸಂಜೆ ತಂಕ ಇಲ್ಲೇ ನಿಂತಿರ್ತೀನಿ. ಅವ್ರ ಬಾಗ್ಲು ನೆಟ್ಟಗೆ ಕಾಣ್ತದೆ. ಒಂದು ನರಪಿಳ್ಳೆ ಬಂದಿದ್ದು ನೋಡಿಲ್ಲ.”

“ಒಬ್ಬ ಬಂದಿದ್ದ” ಎಂದರು ಬೆಂಚಿನ ಮೇಲಿಂದ ಯಾರೋ.

“ಅವ ದಾರಿ ಕೇಳಕ್ಕೆ ಬಂದಿದ್ದು. ನಿಲ್ಲಲಿಲ್ಲ.”

“ಹಬ್ಬಕ್ಕೂ ಯಾರೂ ಬರ್ಲಿಲ್ಲ ಸಾರ್” ಎಂದರು ಗಣಪಣ್ಣ, ಉತ್ಸಾಹದಿಂದ ಎದ್ದು. “ನಮ್ಮನೆ ನಾಯಿ ಕಂಡೋರ ಮನೆಗೆಲ್ಲ ಹೋಗ್ತದೆ. ಇವ್ರ ಮನೆಗೆ ಅದೂ ಹೋಗಲ್ಲ!”

“ಮತ್ತೆ ಪಾಠದ ಸದ್ದು ಕೇಳ್ತದಾ?” ನಿರೀಕ್ಷಕರು ಪೆನ್ನು ಹಿಡಿದೇ ಕೇಳಿದರು.

ಶಾರದಕ್ಕ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ದನಿ ತುಸು ತಗ್ಗಿಸಿ ಹೇಳಿದಳು. “ಮಾತು ಕೇಳ್ತದೆ ಸಾರ್. ಮಿಷನ್ ನಿಲ್ಸಿದಾಗ ಕೇಳ್ತದೆ. ಪಾಠ ಅಲ್ಲ. ಒಬ್ರೇ ಮಾತಾಡ್ತಿರ್ತಾರೆ. ಎದುರಿಗೆ ಯಾರೂ ಇರಲ್ಲ.”

ಪೆನ್ನು ನಿಂತಿತು. ನಿರೀಕ್ಷಕರು ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಇನ್ನೂ ನೀರಿತ್ತು. ಮೆಣಸಿನದೇ ಇರಬೇಕು.

“ಹೌದೇನ್ರೀ?”

ಆಕ್ಷೇಪಣೆ ನಾಲಿಗೆಯ ತುದಿಗೆ ಬಂದಿತ್ತು. ಅದು ಅಭ್ಯಾಸ ಸಾರ್, ಭಾಷಣದ ಅಭ್ಯಾಸ. ಏಕಾಂತ ಬೇರೆ, ಒಂಟಿತನ ಬೇರೆ. ಬಂದವರ ಸಂಖ್ಯೆಯಿಂದ ಮನುಷ್ಯನನ್ನು ಅಳೆಯುವುದೇ ತರ್ಕದೋಷ. ಮೂರು ಅಂಶ ತಾವಾಗಿ ಸಾಲುಗಟ್ಟಿದವು. ಆದರೆ ಈ ವಾದ ಗೆದ್ದರೆ ಮನೆ ಹೋಗುತ್ತದೆ. ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ.

ಮಹಜರು ಬರೆದು ಎಲ್ಲರಿಗೂ ಓದಿ ಹೇಳುವುದು ಪದ್ಧತಿ. ನಿರೀಕ್ಷಕರು ಗಂಟಲು ಸರಿಮಾಡಿಕೊಂಡು ಓದಿದರು.

“ಸದರಿ ವಾಸದ ಮನೆಗೆ ತರಬೇತಿಯ ಸಲುವಾಗಲಿ, ಇನ್ನಾವುದೇ ಕಾರಣದಿಂದಾಗಲಿ, ಯಾವೊಬ್ಬ ವ್ಯಕ್ತಿಯೂ ಬಂದುಹೋಗುವುದು ಕಂಡುಬಂದಿರುವುದಿಲ್ಲವೆಂದು ಪಂಚರು ಏಕಾಭಿಪ್ರಾಯದಿಂದ ತಿಳಿಸಿರುತ್ತಾರೆ.”

“ಸರಿಯಾಗಿದೆ” ಎಂದಿತು ಬೆಂಚು.

ಮತ್ತೆ ಸಹಿ. ಇಬ್ಬರು ಮೂವರು ಸಾಕಾಗಿತ್ತು. ಆದರೆ ಒಬ್ಬರನ್ನು ಕೇಳಿ ಒಬ್ಬರನ್ನು ಬಿಟ್ಟರೆ ಬೇಸರವಲ್ಲವೇ? ಮಿಲ್ಲಿಗೆ ಬಂದಿದ್ದ ಅಷ್ಟೂ ಜನ ಸಾಲುಗಟ್ಟಿದರು. ಡಬ್ಬಿಗಳಲ್ಲ, ಖುದ್ದು ಜನ! ನನ್ನ ಅರ್ಜಿಗೆ ಒಂದು ಸಹಿ ಹಾಕದ ಊರು, ನನ್ನ ಮನೆಗೆ ಯಾರೂ ಬರುವುದಿಲ್ಲ ಎಂಬುದಕ್ಕೆ ಹಾಳೆಯ ಬೆನ್ನಿಗೂ ಸಹಿ ಹಾಕಿತು. ಕೊನೆಯ ಸಹಿ ನನ್ನದು. ‘ಓದಿಸಿ ಕೇಳಿದ್ದೇನೆ, ಸರಿಯಾಗಿದೆ’ ಎಂದು ಕೈಯಾರೆ ಬರೆದೆ. ಅವಿರೋಧ ಗೆಲುವು. ಪಾರಿತೋಷಕ ಮಾತ್ರ ಇರಲಿಲ್ಲ.

ಮಿಲ್ಲಿನ ಮೇಲಿನ ದೂರು ಅಲ್ಲಿಗೇ ಬಿದ್ದುಹೋಯಿತು. “ಬೋರ್ಡ್ ಇವತ್ತೇ ಇಳಿಸಿಬಿಡಿ” ಎಂದು ಹೇಳಿ, ಹೊರಡುವಾಗ ನಿರೀಕ್ಷಕರು ಏಕೋ ನನ್ನ ಭುಜ ತಟ್ಟಿದರು. “ಹೊಸನಗರಕ್ಕೆ ಬಂದ್ರೆ ಆಫೀಸ್ ಕಡೆ ಬನ್ನಿ, ಟೀ ಕುಡಿಯೋಣ.” ನನ್ನ ಸ್ಥಿತಿ ಸರ್ಕಾರಕ್ಕೂ ಮುಟ್ಟಿತ್ತು.

ಬೋರ್ಡು ಇಳಿಸಲು ರಸ್ತೆಬದಿಗೆ ಗಣಪಣ್ಣನೇ ಬಂದರು. ಶಾರದಕ್ಕ ಬದುವಿನಿಂದಲೇ ಕೂಗಿದಳು. “ಮಾಷ್ಟ್ರೇ, ಆ ತಗಡು ಎಂತ ಮಾಡ್ತೀರಿ? ನಂಗೆ ಡಬ್ಬಿ ಅಡಿಗೆ ಹಾಕಕ್ಕೆ ಬೇಕಿತ್ತು. ನೆಲ ಥಂಡಿ.”

ಕೊಟ್ಟೆ. ಈಗ ಊರಿನ ರಾಗಿ, ಗೋಧಿ, ಅಕ್ಕಿಯೆಲ್ಲ ‘ತರಬೇತಿ ಕೇಂದ್ರ’ದ ಮೇಲೆ ಸಾಲಾಗಿ ಕೂರುತ್ತವೆ. ಕಡೆಗೂ ನನ್ನ ಕೇಂದ್ರ ತುಂಬಿತು!

ಆ ಸಂಜೆಯೇ ದೊಡ್ಡಮ್ಮನ ಫೋನು. “ನಿನ್ನ ಮನೆಗೆ ಯಾರೂ ಬತ್ವಿಲ್ಲೆ ಹೇಳಿ ಊರೆಲ್ಲ ಸಹಿ ಹಾಕಿದ್ವಡ? ಹೌದನಾ?” ಎಂದು ಕೇಳಿ ನಕ್ಕಳು. ನಕ್ಕು ನಕ್ಕು ಆಮೇಲೆ ಹೇಳಿದಳು. “ಬಪ್ಪ ವಾರ ಆನೇ ಬತ್ತಿ ತಮಾ, ಆ ಸಹಿಯೆಲ್ಲ ಸುಳ್ಳು ಮಾಡಲೆ.”

ತಾನೇ ಬರುತ್ತೇನೆಂದವಳು ಬರಲಿಲ್ಲ. ಮಂಡಿನೋವಂತೆ. ಸಹಿಗಳೆಲ್ಲ ಇನ್ನೂ ನಿಜವಾಗಿಯೇ ಉಳಿದಿವೆ.

ಆದ್ದರಿಂದ ನಾನೇ ಹೋಗತೊಡಗಿದೆ. ಮಿಲ್ಲಿಗೆ ಹೋಗಲು ಕಾರಣ ಬೇಕಲ್ಲ? ಮೊದಲು ಗೋಧಿ ಬೀಸಿಸಿದೆ. ಆಮೇಲೆ ರಾಗಿ, ಆಮೇಲೆ ಅಕ್ಕಿ. ಒಬ್ಬನ ಹೊಟ್ಟೆ ಎಷ್ಟು ಹಿಟ್ಟು ತಿಂದೀತು? ಮನೆಯ ಪಾತ್ರೆಗಳೆಲ್ಲ ಹಿಟ್ಟಿನಿಂದ ತುಂಬಿದವು. ಬೀಸಲು ಇನ್ನೇನೂ ಉಳಿಯದಿದ್ದಾಗ ಒಂದು ಉಪಾಯ ಹೊಳೆಯಿತು. ಡಬ್ಬಿಯ ಮುಚ್ಚಳ ಭದ್ರವಾಗಿ ಒತ್ತಿ ಸಾಲಿನಲ್ಲಿಟ್ಟು ಬೆಂಚಿನ ತುದಿಯಲ್ಲಿ ಕೂತೆ. ನನ್ನ ಸರದಿ ಹತ್ತಿರ ಬಂದಾಗೆಲ್ಲ “ನಿಮ್ಮದಾಗಲಿ, ನನಗೇನು ಅವಸರ” ಎಂದು ಹಿಂದಿನವರನ್ನು ಮುಂದೆ ಬಿಟ್ಟೆ. ಕತ್ತಲಾಗುವಾಗ “ನಾಳೆ ಬರ್ತೀನಿ” ಎಂದು ಡಬ್ಬಿ ಎತ್ತಿಕೊಂಡು ಮನೆಗೆ. ಸೌಜನ್ಯ ಎಂದರೆ ಇದು ಎಂದು ಗಣಪಣ್ಣ ಎಲ್ಲರೆದುರು ಹೊಗಳಿದರು. ಅವರು ಹೇಳುವ ಭೂತದ ಕಥೆಗಳಿಗೆ ಪುರಾವೆ ಕೇಳುವುದನ್ನೂ ಬಿಟ್ಟೆ. ಕೇಳಿದರೆ ಕಥೆ ಬೇಗ ಮುಗಿಯುತ್ತದೆ.

ಮೊನ್ನೆ ಹಾಗೆಯೇ ಕೂತಿದ್ದೆ. ಮೆಣಸಿನ ದಿನ. ಗಣಪಣ್ಣನ ಭೂತದ ಕಥೆಯ ಗುಂಗಿನಲ್ಲಿ ಡಬ್ಬಿಯ ವಿಷಯ ಮರೆತೇ ಹೋಗಿತ್ತು. ಮೆಣಸು ಮುಗಿಯಿತು. ಎಲ್ಲರೂ ತಮ್ಮ ಡಬ್ಬಿ ಹಿಂದಕ್ಕೆಳೆದುಕೊಂಡು ನಿಂತರು. ಸಾಲಿನ ಮುಂದೆ ಒಂದೇ ಒಂದು ಡಬ್ಬಿ. ನನ್ನದು! ‘ನಿಮ್ಮದಾಗಲಿ’ ಎನ್ನೋಣವೆಂದರೆ ನನ್ನ ಹಿಂದೆ ಒಬ್ಬರೂ ಡಬ್ಬಿ ಉಳಿಸಿರಲಿಲ್ಲ.

ಶಾರದಕ್ಕ ಬಂದು ಭಾರದ ಅಂದಾಜಿನಲ್ಲಿ ಎರಡೂ ಕೈ ಹಾಕಿ ಡಬ್ಬಿ ಎತ್ತಿದಳು. ಅದು ಅವಳ ಎದೆಯ ಮಟ್ಟಕ್ಕೆ ಹಾರಿ ಬಂತು. ಅಲ್ಲಾಡಿಸಿ ನೋಡಿದಳು. ಸದ್ದಿಲ್ಲ. ಬೆಂಚು ನನ್ನನ್ನು ನೋಡಿತು. ನಾನು ‘ತರಬೇತಿ ಕೇಂದ್ರ’ವನ್ನು ನೋಡಿದೆ.

ಅವಳು ಮುಚ್ಚಳ ತೆಗೆಯಲಿಲ್ಲ. ಡಬ್ಬಿಯನ್ನು ತಂದು ಎಲ್ಲರ ಡಬ್ಬಿಗಳ ಹಿಂದೆ, ಸಾಲಿನ ಕೊನೆಗಿಟ್ಟಳು.

“ಮೆಣಸಿನ ಹಿಂದೆ ಇಡೋದಾದ್ರೆ ಇಂಥ ಡಬ್ಬಿನೇ ಇಡ್ಬೇಕು. ಅಂತೂ ಕಲ್ತ್ರಿ ಮಾಷ್ಟ್ರೇ” ಎಂದಳು. “ನಿಮ್ದು ಇನ್ನೂ ತಡ ಆಗ್ತದೆ. ಕೂತ್ಕಳಿ.”

ಇದಕ್ಕೆ ನನ್ನ ಬಳಿ ಪ್ರತಿವಾದ ಸಿದ್ಧವಿತ್ತು. ಮೂರು ಅಂಶ. ಎದ್ದು ನಿಂತು ಬಾಯಿ ತೆರೆದೆ.

ಸೀನು ಬಂತು.

ಕೂತೆ.